ಮೊದಲು ಚೂರಿ ಮುಟ್ಟಿಸಿದವ

ಪರಪ್ಪ ಮಾಸ್ತರರು ಬರೆದ ಗುಂಡಿಗೆಯ ಚಿತ್ರ ಬದನೆಕಾಯಿಯ ಹಾಗೆ ಕಾಣುತ್ತದೆ ಎಂಬುದು ಬಹಳ ಗಂಭೀರವಾದ ವಿಷಯ. ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು, ಆಣೆ ಹೋಗಿ ನಯೇ ಪೈಸೆ ಬಂದಿತ್ತು. ಹುಕ್ಕೇರಿ ತಾಲೂಕಿನ ಕವಳಿಹಾಳದ ಜನ ಅದಕ್ಕೆಲ್ಲ ತಲೆ ಕೆಡಿಸಿಕೊಂಡಿರಲಿಲ್ಲ. ಬದನೆಕಾಯಿಯ ಮಾತು ಹಾಗಲ್ಲ. ಅದನ್ನು ಆಡಿದವರು ಶಾಲೆಯ ತಪಾಸಣೆಗೆ ಬರುವ ದೀಪೋಟಿ ಸಾಹೇಬರು. ಆಡಿದ್ದು ಏಳನೆಯ ಇಯತ್ತೆಯ ಅಷ್ಟೂ ಮಕ್ಕಳ ಎದುರಿಗೆ.

"ಏನ್ರಿ ಮಾಸ್ತರ, ಇದು ಪ್ರಾಣಿ ಅವಯವದ ಪಾಠ ಐತೋ, ಒಕ್ಕಲತನದ್ದೋ?" ಸಾಹೇಬರು ಗೋಡೆಯ ನಕ್ಷೆಯ ಮೇಲೆ ಬೆತ್ತದ ತುದಿಯಿಟ್ಟು ಕೇಳಿದ್ದರು. "ಈ ಬದನಿಕಾಯಿ ಯಾವ ಸೀಮಿದು?"

ಮಕ್ಕಳು ನಕ್ಕಿದ್ದವು. ಪರಪ್ಪ ಮಾಸ್ತರರೂ ನಕ್ಕಿದ್ದರು, ಹಲ್ಲು ನೋಯುವವರು ನಗುವ ಹಾಗೆ. ಬೆಲ್ಲದ ಬಾಗೇವಾಡಿಯಲ್ಲಿ ಅಪ್ಪನ ಬೆಲ್ಲದ ಅಂಗಡಿಯ ಗಾದಿಯ ಮೇಲೆ ಕೂರುವುದನ್ನು ಬಿಟ್ಟು, ಅಪ್ಪನ ಶಾಪ ತಿಂದು, ಮಾಸ್ತರಕಿಗೆ ಬಂದ ಮನುಷ್ಯ ಅವರು. ತಮಗೆ ಬೇರೇನು ಬಾರದಿದ್ದರೂ ತಿಳಿಯುವ ಹಾಗೆ ಹೇಳಲು ಬರುತ್ತದೆ ಎಂಬುದೊಂದೇ ಅವರ ಆಸ್ತಿ. ಜೀವಕೋಶ ಎಂದರೇನು ಎಂಬುದನ್ನು ಅವರು ಹೇಳಿಕೊಟ್ಟ ರೀತಿ ಇಡೀ ತಾಲೂಕಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. "ನೂಲಿನ ಎಳಿ ಐತಲ್ಲ, ಅದು ಜೀವಕೋಶ. ಎಳಿ ಎಳಿ ಕೂಡಿ ನೇದ ಅರಿಬಿ ಅಂಗಾಂಶ. ಅರಿಬಿ ಕತ್ತರಿಸಿ ಹೊಲದ ಅಂಗಿ ಅವಯವ. ಅಂಗಿ, ಧೋತರ, ರುಮಾಲ ಎಲ್ಲಾ ತೊಟಗೊಂಡ ನಿಂತಾಂವ ಪ್ರಾಣಿ." ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಅಣ್ಣನೋ ಮಾವನೋ ಇದ್ದ ಮಕ್ಕಳಿಗೆ ಇದು ತಟ್ಟನೆ ತಿಳಿದಿತ್ತು. ಮಾಸ್ತರರು ಕೇಳಿದ ಕೂಡಲೇ ಉತ್ತರ ಇಡೀ ವರ್ಗದ ಬಾಯಿಂದ ಒಂದೇ ಸಲ ಹೊರಡುವಂತೆ ಅವರು ಪಳಗಿಸಿಟ್ಟಿದ್ದರು.

"ಚಿತ್ರ ಸಾಕು," ಎಂದಿದ್ದರು ಸಾಹೇಬರು ಹೊರಡುವಾಗ. "ಮುಂದಿನ ಸಲ ವಸ್ತುಪಾಠ ಆಗಬೇಕು. ವಸ್ತು ಕೈಯಾಗ ಹಿಡದ ತೋರಸ್ರಿ. ಹಂಗ ಮಾಡಿದ್ರ ಗೋಕಾಕದಾಗ ಒಂದು ಸಾಲಿಗೆ ಹೆಡ್ ಮಾಸ್ತರಂತ ನಿಮ್ಮ ಹೆಸರ ಕಳಸ್ತೇನಿ. ಇಲ್ಲಾಂದ್ರ ಬದನಿಕಾಯಿ ಬೆಳಕೋತ ಇಲ್ಲೇ ಇರ್ರಿ."

ವಸ್ತು ಎಲ್ಲಿಂದ ತರಬೇಕು ಎಂಬುದನ್ನು ಸಾಹೇಬರು ಹೇಳಲಿಲ್ಲ. ಮಾಸ್ತರರು ಸಂತೆಯ ದಿನ ಹುಕ್ಕೇರಿಯ ಕಟುಕರ ಅಂಗಡಿಯ ಮುಂದೆ ಮೂರು ಸಲ ಹಾದುಹೋದರು. ಮೂರು ಸಲವೂ ಬೀಗರ ಪೈಕಿ ಯಾರಾದರೊಬ್ಬರು ಸಿಕ್ಕರು. ಮೂರು ಸಲವೂ ಚಹ ಕುಡಿದು ಬರಿಗೈಲಿ ಬಂದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಕುರಿಯ ಗುಂಡಿಗೆ ಕೊಂಡನೆಂಬ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟುತ್ತದೆ.

ಹೀಗಿರುವಾಗ, ಸಾಹೇಬರು ಬರುವ ಹಿಂದಿನ ದಿನ, ಊರ ಗೌಡರಾದ ರಾಚಪ್ಪಗೌಡರ ಎತ್ತು ಸತ್ತಿತು. ಸಾಯಲು ಇದಕ್ಕಿಂತ ಒಳ್ಳೆಯ ದಿನ ಅದಕ್ಕೆ ಸಿಕ್ಕುತ್ತಿರಲಿಲ್ಲ ಎಂದು ಮಾಸ್ತರರಿಗೆ ಅನಿಸಿತು. ಶಾಲೆಗೂ ಊರಾಚೆಯ ಹೊಲಗೇರಿಗೂ ನಡುವೆ ಗೌಡರ ಕಣ. ಎತ್ತು ಕಣದ ನಟ್ಟನಡುವೆ ಮಲಗಿ, ಕಾಲು ಚಾಚಿ, ಎದ್ದಿರಲಿಲ್ಲ.

ಹಿಂದೆಲ್ಲ ಆಗಿದ್ದರೆ ಇದು ಮಾತಾಡುವ ವಿಷಯವೇ ಅಲ್ಲ. ಗೌಡರ ಆಳು ಕೇರಿಯ ಬಾಯಿಗೆ ಹೋಗಿ ಒಂದು ಕೂಗು ಹಾಕಿದರೆ ಹಗ್ಗ ಬರುತ್ತಿತ್ತು, ಬೊಂಬು ಬರುತ್ತಿತ್ತು, ಎತ್ತು ಹಳ್ಳದ ಆಚೆಯ ತಗ್ಗಿಗೆ ಹೋಗುತ್ತಿತ್ತು. ಅದಕ್ಕೊಂದು ರೀತಿಯಿತ್ತು: ಸತ್ತ ದನಕ್ಕೆ ಮೊದಲು ಚೂರಿ ಮುಟ್ಟಿಸಿದವನೇ ಅದರ ಧಣಿ. ತೊಗಲೂ ಅವನದು, ಎಳೆಯುವ ಹೊರೆಯೂ ಅವನದು. ಚೂರಿ ಮುಟ್ಟಿಸಿದ ಮೇಲೆ 'ಒಲ್ಲೆ' ಎನ್ನುವ ಮಾತಿಲ್ಲ. ಆದರೆ ಎರಡು ವರ್ಷದ ಹಿಂದೆ ಕೇರಿಯ ಜನ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದರು. ಬಂದವರೇ ಹೇಳಿದ್ದರು: ಇನ್ನು ಸತ್ತ ದನ ತಿನ್ನುವುದಿಲ್ಲ, ಎಳೆಯುವುದಿಲ್ಲ. ಸಣ್ಣಪುಟ್ಟ ಒಕ್ಕಲುಗಳ ಆಕಳು ಎಮ್ಮೆ ಸತ್ತಾಗ ಅವರವರೇ ಗದ್ದಲವಿಲ್ಲದೆ ಹೊಲದಲ್ಲಿ ಹೂತುಕೊಂಡಿದ್ದರು. ಗೌಡರ ಮನೆಯ ದನ ಸತ್ತದ್ದು ಇದೇ ಮೊದಲು.

"ಎತ್ತ ಅಲ್ಲೇ ಬಿದ್ದಿರಲಿ," ಎಂದರು ರಾಚಪ್ಪಗೌಡರು ಕಟ್ಟೆಯ ಮೇಲೆ ಕೂತು. "ಯಾರ ಮೂಗು ಮೊದಲ ಸೋಲ್ತೈತಿ ನೋಡೂಣು."

ಆ ಸಂಜೆ ಪರಪ್ಪ ಮಾಸ್ತರರು ಕೇರಿಗೆ ಹೋದರು. ಕೇರಿಯ ಬಾಯಿಯ ಬೇವಿನ ಮರದವರೆಗೆ ಹೋದರು ಎಂದರೆ ಸರಿ; ಅದರಾಚೆ ಅವರು ಎಂದೂ ಹೋದವರಲ್ಲ. ಕೇರಿಯ ಹಿರಿಯ ಮಾಯಪ್ಪ ತನ್ನ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದ. ಏಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಎದ್ದ. ಅವನ ಹೆಂಡತಿ ಕರೆವ್ವ ಜೋಳ ಕೇರುತ್ತಿದ್ದಳು, ಏಳಲಿಲ್ಲ. ಅವರ ಮಗಳು ಇಂದ್ರವ್ವ ಏಳನೆಯ ಇಯತ್ತೆಯಲ್ಲಿ ಮಾಸ್ತರರ ಕೈಕೆಳಗೇ ಕಲಿಯುವವಳು, ಒಳಗಿನಿಂದ ಇಣುಕಿದಳು.

"ಮಾಯಪ್ಪಾ, ಒಂದು ಸಣ್ಣ ಕೆಲಸಿತ್ತು. ಗೌಡರ ಎತ್ತಿನ ಗುಂಡಿಗಿ ಒಂದ ಬೇಕಾಗಿತ್ತು ನೋಡು."

ಕರೆವ್ವ ಮೊರ ನಿಲ್ಲಿಸಿದಳು. "ಅಯ್ಯ ನಮ್ಮವ್ವ! ಲಿಂಗವಂತರೂ ಚಾಲೂ ಮಾಡಿದ್ರೇನ್ರಿ ಮಾಸ್ತರ? ಖಾರ ಅರದ ಕೊಡ್ಲೇನು?"

"ಸುಮ್ಕಿರ ನೀ," ಎಂದ ಮಾಯಪ್ಪ, ಆದರೆ ಅವನ ಮೀಸೆಯೂ ಅಲುಗಿತ್ತು. "ಎದಕ ಬೇಕಾಗಿತ್ರಿ?"

"ಪಾಠಕ್ಕ. ನಾಳಿ ದೀಪೋಟಿ ಸಾಹೇಬ ಬರ್ತಾರ. ನಿನ್ನ ಮಗಳೂ ಅದಾಳಲ್ಲ ವರ್ಗದಾಗ. ವಿದ್ಯಾಕ್ಕ ಸಲ್ಲೂದು."

"ಸಲ್ಲೂದ ಖರೆ. ಖರೆ ನಾ ಚೂರಿ ಹಚ್ಚಿದ್ನಿ ಅಂದ್ರ ಗುಂಡಿಗಿ ನಿಮಗ, ಎತ್ತ ನನಗ. ನನ್ನ ಹಿಂದ ಇಡೀ ಕೇರಿಗೆ. ಎರಡ ವರ್ಸ ಬಿಟ್ಟೇವ್ರಿ ಮಾಸ್ತರ. ಹಲ್ಲ ಕಚ್ಚಿ ಬಿಟ್ಟೇವಿ."

ಮಾಸ್ತರರಿಗೆ ಇಂಥ ವೇಳೆಯಲ್ಲಿ ಧರ್ಮದ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು. "ನೋಡ ಮಾಯಪ್ಪಾ, ಬಸವಣ್ಣನವರ ದಾರ್‍ಯಾಗ ಯಾವ ಕಾಯಕಾನೂ ಕೀಳಲ್ಲ."

"ಹಂಗಾದ್ರ ನೀವ ಮಾಡ್ರಿ," ಎಂದ ಮಾಯಪ್ಪ.

ಅವನು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಬಾವಿಗೆ ದಾರಿ ಕೇಳಿದವರಿಗೆ ದಾರಿ ತೋರಿಸುವ ಹಾಗೆ ಹೇಳಿದ್ದ. ಅದೇ ಮಾಸ್ತರರಿಗೆ ನಟ್ಟಿತು. ಇಡೀ ರಾತ್ರಿ ಹೊರಳಾಡಿದರು. ವಸ್ತುಪಾಠ, ಗೋಕಾಕ, ಬಸವಣ್ಣ, ಬದನೆಕಾಯಿ ಎಲ್ಲವೂ ಕೂಡಿ ಬೆಳಗಿನ ಹೊತ್ತಿಗೆ ಒಂದು ನಿರ್ಧಾರವಾಗಿತ್ತು.

ಮಬ್ಬು ಹರಿಯುವ ಮೊದಲು, ಊರಿನ ಗಂಡಸರು ಬಯಲಿಗೆ ಹೋಗುವ ಹೊತ್ತಿನಲ್ಲಿ, ಅವರೂ ಒಂದು ತಂಬಿಗೆ ಹಿಡಿದು ಹೊರಟರು. ತಂಬಿಗೆ ಹಿಡಿದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಧೋತರದ ಒಳಗೆ ಬೆಲ್ಲದ ಪೆಂಟೆ ಕೊಯ್ಯುವ ಉದ್ದ ಚೂರಿಯಿತ್ತು. ಬಾಗೇವಾಡಿಯ ಮನೆಯಿಂದ ಬಂದ ಆಸ್ತಿಯಲ್ಲಿ ಅವರ ಪಾಲಿಗೆ ಸಿಕ್ಕಿದ್ದು ಅದೊಂದು. ಕಣದಲ್ಲಿ ಎತ್ತಿನ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಮಾಸ್ತರರು ಕೊರಳ ಲಿಂಗವನ್ನು ಬೆನ್ನ ಮೇಲಕ್ಕೆ ಸರಿಸಿಕೊಂಡರು, ಅದು ನೋಡದಿರಲಿ ಎಂದು, ಮತ್ತು ಚೂರಿ ಹಾಕಿದರು.

ಪುಸ್ತಕದಲ್ಲಿ ಇಲ್ಲದ ಸಂಗತಿಗಳು ಬಹಳ ಇದ್ದವು. ಮೊದಲು ಬುಸ್ಸೆಂದು ಗಾಳಿ ಹೊರಟಿತು, ಆಮೇಲೆ ಅರೆಬರೆ ಅರಗಿದ ಕಣಿಕೆಯ ಹಸಿರು ರಾಡಿ ಅವರ ಎದೆಯ ಮೇಲೆ ಬಿತ್ತು, ಆಮೇಲೆ ಕರುಳು ತಾವಾಗಿ, ಯಾರೋ ಕರೆದಂತೆ ಹೊರಗೆ ಬಂದವು. ಮಾಸ್ತರರು ಒಮ್ಮೆ ವಾಂತಿ ಮಾಡಿಕೊಂಡರು. ಪಕ್ಕೆಲುಬಿನ ಕೆಳಗಿನ ಪರದೆ ಹರಿದು, ಹೆಗಲತನಕ ಕೈ ತೂರಿಸಿ, ಕುರುಡನಂತೆ ತಡಕಾಡಿ, ಕೊನೆಗೆ ಹಿಡಿದು, ಕೊಯ್ದು, ಎಳೆದರು. ಚಿತ್ರದಲ್ಲಿ ಅಂಗೈಯಗಲ ಇದ್ದದ್ದು ಇಲ್ಲಿ ಸುಲಿಯದ ತೆಂಗಿನಕಾಯಿಯಷ್ಟಿತ್ತು. ನಿಜ ಹೇಳಬೇಕೆಂದರೆ ಬಣ್ಣದಲ್ಲಿ ಅದು ಬದನೆಕಾಯಿಗೆ ತೀರ ದೂರವೇನೂ ಇರಲಿಲ್ಲ. ಅದನ್ನು ಹೆಗಲ ಪಂಚೆಯಲ್ಲಿ ಸುತ್ತಿ, ಚೂರಿಯ ಜೊತೆಗೆ ಶಾಲೆಯ ಹಿಂದಿನ ಕೋಣೆಯಲ್ಲಿಟ್ಟು, ಹಳ್ಳದಲ್ಲಿ ಮುಳುಗಿ, ಒದ್ದೆ ಧೋತರದಲ್ಲಿ ನಡುಗುತ್ತ ಮನೆಗೆ ಬಂದರು.

"ಈ ಥಂಡ್ಯಾಗ ಹಳ್ಳದಾಗ ಜಳಕಾ ಮಾಡಿದ್ರೇನ್ರಿ?" ಹೆಂಡತಿ ಕಾಶೆವ್ವ ಅಂಗಳ ಸಾರಿಸುತ್ತ ಕೇಳಿದಳು. "ದೀಪೋಟಿ ಬರ್ತಾನಂತ ಇಷ್ಟ ಮಡೀನ? ದೇವರ ಬಂದ್ರೂ ಇಷ್ಟ ಮಾಡಾಂವಲ್ಲ ಮನಶ್ಯಾ."

ಸಾಹೇಬರು ಹತ್ತರ ಸುಮಾರಿಗೆ ಸೈಕಲ್ಲಿನ ಮೇಲೆ ಬಂದರು. ವರ್ಗದಲ್ಲಿ ಎಲ್ಲ ಮೊದಲೇ ಕೂಡಿಸಿಟ್ಟಂತೆ ನಡೆಯಿತು. ಎಳಿ ಎಂದರೆ? "ಜೀವಕೋಶ ರೀ!" ಅರಿಬಿ ಎಂದರೆ? "ಅಂಗಾಂಶ ರೀ!" ಆಗ ಮಾಸ್ತರರು ಮೇಜಿನ ಮೇಲಿನ ಬೋಗುಣಿಯ ಮೇಲಿಂದ ಪಂಚೆ ತೆಗೆದು, ಗುಂಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬಿತ್ತು. ಸಾಹೇಬರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹತ್ತಿರ ಬಂದರು.

"ಭಲೇ! ಎದರದ್ರೀ ಇದು?"

"ಕುರೀದ್ರಿ ಸಾಹೇಬ್ರ. ಹುಕ್ಕೇರಿಯಿಂದ ತರಿಸೇನಿ."

"ಇಂಥಾ ಕುರಿ ಮ್ಯಾಲ ಕೂತು ದಂಡೆತ್ತಿ ಹೋಗಬಹುದಲ್ರೀ!" ಎಂದು ಸಾಹೇಬರು ಕರವಸ್ತ್ರದೊಳಗೇ ನಕ್ಕರು. ಅವರಿಗೆ ಸಂತೋಷವಾಗಿತ್ತು.

ಇಂದ್ರವ್ವ ಮಾತ್ರ ಗುಂಡಿಗೆಯನ್ನು ನೋಡುತ್ತಿರಲಿಲ್ಲ. ಮಾಸ್ತರರ ಉಗುರಿನ ಸಂದಿಯನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಕಣದ ಕಡೆಯಿಂದ ಗದ್ದಲ ಕೇಳಿತು. ಗಂಡಸರ ಬೈಗುಳ, ಓಡುವ ಕಾಲು, ಆಮೇಲೆ ಕೇರಿಯ ಕಡೆಯಿಂದ ಒಂದು ಹೆಣ್ಣುದನಿ, ಉದ್ದಕ್ಕೆ. ಇಂದ್ರವ್ವ ಆ ದನಿಯ ಗುರುತು ಹಿಡಿದು, ಯಾರನ್ನೂ ಕೇಳದೆ ಎದ್ದು ಬಾಗಿಲು ದಾಟಿ ಓಡಿದಳು. ಸಾಹೇಬರ ಜೊತೆಗೆ ನಿಂತಿದ್ದ ಶಾಲೆಯ ಹೆಡ್ ಮಾಸ್ತರರು ಹೊರಗೆ ಹೋಗಿ ವಿಚಾರಿಸಿ ಬಂದರು.

"ಏನಿಲ್ರಿ ಸಾಹೇಬ್ರ. ಗೌಡರ ಎತ್ತಿಗೆ ಕೇರ್‍ಯಾವರು ಕದ್ದು ಚೂರಿ ಹಾಕ್ಯಾರಂತ. ಚೂರಿ ಹಚ್ಚಿದ ಮ್ಯಾಲ ಎಳ್ಯಾಕ ಬೇಕಲ್ರಿ, ಒಲ್ಲೆ ಅನ್ನಾಕತ್ತಾರಂತ. ಗೌಡರು ತಮ್ಮ ಆಳ ಶಿದ್ರಾಮನ್ನ ಮುಂದ ಮಾಡಿ ಮಂದಿ ಕರಕೊಂಡ ಹೋಗ್ಯಾರ. ಅದು ಊರ ವ್ಯವಹಾರ. ಪಾಠ ನಡೀಲಿ."

"ನಡೀಲಿ," ಎಂದರು ಸಾಹೇಬರು. "ಸ್ನಾಯುವಿನ ಮಟಾ ಬಂದಿದ್ರಿ."

ಮಾಸ್ತರರು ನಡೆಸಿದರು. ಗುಂಡಿಗೆಯ ಸ್ನಾಯು ಬೇರೆ ಸ್ನಾಯುಗಳಂತಲ್ಲ, ಅದು ಹುಟ್ಟಿದಾಗಿನಿಂದ ಸಾಯುವತನಕ ದಣಿಯುವುದಿಲ್ಲ ಎಂದು ಹೇಳಿದರು. ಹೊರಗೆ ಬಾರುಕೋಲಿನ ಸಪ್ಪಳ ಕೇಳುತ್ತಿತ್ತು. ಪ್ರತಿ ಸಪ್ಪಳದ ಬೆನ್ನಿಗೆ ಒಂದು ಗಂಡಸಿನ ದನಿ, ಮೊದಲು ಮಾತಾಗಿ, ಆಮೇಲೆ ಬರೀ ದನಿಯಾಗಿ. ಮಾಸ್ತರರು ಎರಡು ವಾಕ್ಯ ಮುಂದೆ ಹೋದರು. ಸುಮ್ಮನಿದ್ದರೆ ಗೋಕಾಕ. ಬಾಯಿ ಬಿಟ್ಟರೆ ನೌಕರಿಯಿಲ್ಲ, ಜಾತಿಯಿಲ್ಲ, ಬಾಗೇವಾಡಿಯ ಗಾದಿಯ ಮೇಲೂ ಜಾಗವಿಲ್ಲ. ಅವರು ಗುಂಡಿಗೆಯನ್ನು ಬೋಗುಣಿಯಲ್ಲಿಟ್ಟರು. ಬೋಗುಣಿಯನ್ನು ಎತ್ತಿಕೊಂಡರು. ಸಾಹೇಬರಿಗೆ ಕೈ ಮುಗಿಯಲು ಕೈ ಖಾಲಿಯಿರಲಿಲ್ಲವಾದ್ದರಿಂದ ತಲೆ ಬಾಗಿಸಿ ಹೊರಗೆ ಬಿದ್ದರು. ಮಾಸ್ತರರು ಹೋದಲ್ಲಿಗೆ ವರ್ಗ ಹೋಗಬೇಕೆಂದು ತಿಳಿದ ಮಕ್ಕಳು ಹಿಂದೆಯೇ ಹೊರಟವು.

ಬೇವಿನ ಮರಕ್ಕೆ ಮಾಯಪ್ಪನನ್ನು ಕಟ್ಟಿದ್ದರು. ಶಿದ್ರಾಮ ಕೆಟ್ಟ ಮನುಷ್ಯನಲ್ಲ. ಗೌಡರ ತೋಟಕ್ಕೆ ನೀರು ಹಾಯಿಸುವಷ್ಟೇ ಶ್ರದ್ಧೆಯಿಂದ, ಒಂದು ಮಡಿಯೂ ಒಣಗದಂತೆ, ಹೊಡೆಯುತ್ತಿದ್ದ. ಮಾಯಪ್ಪನ ಬೆನ್ನಿನಲ್ಲಿ ಅಂಗಿ ಯಾವುದು ತೊಗಲು ಯಾವುದು ತಿಳಿಯುತ್ತಿರಲಿಲ್ಲ. ದವಡೆ ಒಂದು ಬದಿಗೆ ಜಾರಿತ್ತು. ಅದು ಬಾರುಕೋಲಿನದಲ್ಲ, ಬಡಿಗೆಯ ಪೆಟ್ಟು. ಕರೆವ್ವನ ಕೂದಲನ್ನು ಇನ್ನೊಬ್ಬ ಆಳು ಮುಂಗೈಗೆ ಸುತ್ತಿಕೊಂಡು ನಿಂತಿದ್ದ. ಅವಳ ಹಣೆ ಒಡೆದಿತ್ತು. ಇಂದ್ರವ್ವ ಆ ಆಳಿನ ತೊಡೆ ಕಚ್ಚಿಕೊಂಡು ಜೋತುಬಿದ್ದಿದ್ದಳು; ಅವನು ಒದೆಯುತ್ತಿದ್ದ, ಅವಳು ಬಿಡುತ್ತಿರಲಿಲ್ಲ. ಉಳಿದ ಕೇರಿಯವರನ್ನು ಬಡಿಗೆ ಹಿಡಿದ ಹತ್ತಾರು ಜನ ಗೋಡೆಗೆ ಒತ್ತಿ ನಿಲ್ಲಿಸಿದ್ದರು.

"ಗೌಡ್ರ, ನಿಲ್ಲಸ್ರಿ!" ಮಾಸ್ತರರು ಕೂಗಿದರು. "ಚೂರಿ ಹಾಕಿದಾಂವ ನಾನು."

ಶಿದ್ರಾಮನ ಕೈ ಎತ್ತಿದಲ್ಲೇ ನಿಂತಿತು. ರಾಚಪ್ಪಗೌಡರು ಮಾಸ್ತರರನ್ನು, ಬೋಗುಣಿಯನ್ನು ನೋಡಿದರು. ಆಮೇಲೆ ನಕ್ಕರು. ಅವರು ನಕ್ಕದ್ದರಿಂದ ಉಳಿದವರೂ ನಕ್ಕರು.

"ಮಾಸ್ತರ, ನಿಮ್ಮ ಮನಸ ದೊಡ್ಡದು. ಖರೆ ಸುಳ್ಳ ಹೇಳೂದಾದ್ರ ನಂಬೂವಂಥಾದ್ದ ಹೇಳಬೇಕ್ರಿ."

"ಗುಂಡಿಗಿ ನೋಡ್ರಿ, ನನ್ನ ಕಡೆ ಐತಿ!"

"ನಿಮ್ಮ ಕಡೆ ಐತಿ ಅಂದ್ರ ಯಾಂವ ತಂದ ಕೊಟ್ಟ? ಇಂವ ಕೊಟ್ಟ. ನಿನ್ನಿ ಸಂಜೀಕ ನೀವು ಇಲ್ಲಿ ಬಂದ ನಿಂತಿದ್ದು ಮಂದಿ ನೋಡ್ಯಾರ."

"ಅವ ಕೊಯ್ದಾನ!" ಕರೆವ್ವ ಚೀರಿದಳು. "ಬಂದ ಕೇಳಿದ, ಒಲ್ಲೆ ಅಂದ್ವಿ. ಅವನ ಕೊಯ್ದಾನ, ಆ ನಿಮ್ಮ ಲಿಂಗದಾಂವ!" ಕೂದಲು ಹಿಡಿದವನು ಅವಳ ಮುಖವನ್ನು ಮಣ್ಣಿಗೆ ಅದುಮಿದ.

"ಕೇಳಿದ್ರಿಲ್ಲೋ?" ಎಂದರು ಗೌಡರು, ಮಗುವಿಗೆ ಹೇಳುವ ಹಾಗೆ. "ನೀವ ಇವರ ಸಲುವಾಗಿ ಸುಳ್ಳ ಹೇಳಾಕ ಬಂದ್ರಿ, ಇವರ ನಾಲಿಗಿ ನೋಡ್ರಿ. ಮನೀಗೆ ಹೋಗ್ರಿ. ಲಿಂಗವಂತ ಮನಶ್ಯಾ ಸತ್ತ ಎತ್ತಿನ ಹೊಟ್ಟ್ಯಾಗ ಕೈ ಹಾಕಿದ್ದು ನನ್ನ ಕಣ್ಣಲೆ ಕಂಡ್ರ ಅವತ್ತ ನಂಬತೇನಿ. ಹೊಡಿಯೋ ಶಿದ್ರಾಮ."

ಶಿದ್ರಾಮ ಹೊಡೆದ.

ತಾವು ಆಗ ಮಾಡಿದ್ದನ್ನು ಪರಪ್ಪ ಮಾಸ್ತರರು ಯಾಕೆ ಮಾಡಿದರು ಎಂಬುದಕ್ಕೆ ಕರುಣೆ ಎಂದು ಒಂದೇ ಮಾತಿನ ಉತ್ತರ ಕೊಟ್ಟರೆ ಅರ್ಧ ಮಾತ್ರ ಸರಿಯಾದೀತು. ತಿಳಿಯುವ ಹಾಗೆ ಹೇಳಿದ ಒಂದು ಮಾತನ್ನು ಎದುರಿಗಿದ್ದವರು ತಿಳಿದುಕೊಳ್ಳದೆ ನಕ್ಕರೆ ಅವರಿಗೆ ಮೈ ಉರಿಯುತ್ತಿತ್ತು. ಅವರು ಶಾಲೆಯ ಹಿಂದಿನ ಕೋಣೆಗೆ ಓಡಿ ಬೆಲ್ಲದ ಚೂರಿ ತಂದರು. ಕಣದ ನಡುವೆ ಎತ್ತಿನ ಪಕ್ಕ ಮೊಣಕಾಲೂರಿದರು.

"ಗೌಡ್ರ, ಕಣ್ಣಲೆ ನೋಡ್ರಿ!"

ಆ ದನಿ ವರ್ಗದಲ್ಲಿ ಹಿಂದಿನ ಸಾಲಿನ ಮಲಗಿದ ಹುಡುಗನನ್ನು ಎಬ್ಬಿಸುವ ದನಿ. ಎಲ್ಲರೂ ತಿರುಗಿದರು. ಮಾಸ್ತರರು ತೆರೆದ ಹೊಟ್ಟೆಯೊಳಗೆ ಎರಡೂ ಕೈ ತೂರಿಸಿದರು. ನೊಣಗಳು ಮೋಡದಂತೆ ಎದ್ದವು. ಈ ಸಲ ಲಿಂಗವನ್ನು ಬೆನ್ನಿಗೆ ಸರಿಸಲು ಮರೆತಿದ್ದರು. ಅದು ಮುಂದಕ್ಕೆ ಜೋತು ರಕ್ತದಲ್ಲಿ ಅದ್ದಿ ಅದ್ದಿ ಏಳುತ್ತಿತ್ತು. ಕಪ್ಪಗೆ ಹೊಳೆಯುವ ಒಂದು ದೊಡ್ಡ ಮುದ್ದೆಯನ್ನು ಕೊಯ್ದು ತೆಗೆದು ತಲೆಯ ಮೇಲೆ ಎತ್ತಿ ಹಿಡಿದರು. ಅದರ ರಕ್ತ ಅವರ ಮೊಣಕೈಯಿಂದ ಕಂಕುಳಿಗೆ ಇಳಿಯಿತು. ಅವರ ಕಣ್ಣು ಮಕ್ಕಳ ಗುಂಪಿನ ಮೇಲೆ ಬಿತ್ತು, ಮತ್ತು ನಾಲಿಗೆ ತನ್ನ ರೂಢಿಯ ಕೆಲಸ ಮಾಡಿತು.

"ಇದೇನು?"

ಏಳನೆಯ ಇಯತ್ತೆ ಒಂದೇ ದನಿಯಲ್ಲಿ ಹೇಳಿತು: "ಯಕೃತ್ತು ರೀ!"

"ಇದು?"

"ಮೂತ್ರಪಿಂಡ ರೀ!"

"ಇದು? ಇದು ಎದರಿಂದ ಆಗೈತಿ?"

"ಶ್ವಾಸಕೋಶ ರೀ! ಅಂಗಾಂಶದಿಂದ ರೀ!"

"ಅಂಗಾಂಶ?"

"ಜೀವಕೋಶದಿಂದ ರೀ!"

ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಗುರುಪಾದ, ಗೌಡರ ಮಗ. ಗೌಡರು ಅವನ ಕೆನ್ನೆಗೆ ಹೊಡೆದ ಏಟಿಗೆ ಹುಡುಗ ಎರಡು ಸುತ್ತು ತಿರುಗಿ ಕೂತ. ಈಗ ನಂಬದೆ ಇರಲು ಯಾರಿಗೂ ಸಾಧ್ಯವಿರಲಿಲ್ಲ.

ನಂಬಿದ ಮೇಲೆ ಹೊಡೆದರು. ಮೊದಲ ಏಟು ಗೌಡರದು, ಕೆರ ಬಿಚ್ಚಿ ಬಾಯಿಯ ಮೇಲೆ. ಲಿಂಗವಂತನ ಮೈ ಮುಟ್ಟಬಹುದೋ ಬಾರದೋ ಎಂದು ಕಾದಿದ್ದ ಆಳುಗಳಿಗೆ ಅದೇ ಅಪ್ಪಣೆಯಾಯಿತು. "ಭಾಡ್ಯಾ, ಕುಲಾ ಕೆಡಿಸಿದಿ!" "ನಮ್ಮ ಹುಡುಗ್ರಿಗೆ ಇದನ್ನ ಕಲಿಸಿದಿ!" ಬಡಿಗೆಯೊಂದು ಬಂದಾಗ ಮಾಸ್ತರರು ತಲೆಗೆ ಅಡ್ಡ ಎಡಗೈ ಹಿಡಿದರು. ಮುಂಗೈ ಮೂಳೆ ಹಸಿ ಜೋಳದ ದಂಟು ಮುರಿದಂತೆ ಮುರಿಯಿತು. ಹೊಟ್ಟೆಗೆ ಒದ್ದರು, ಪಕ್ಕೆಗೆ ಒದ್ದರು; ಎಲ್ಲೆಲ್ಲಿ ಯಾವ ಯಾವ ಅವಯವವಿದೆಯೋ ಅಲ್ಲಲ್ಲಿ ಒದ್ದರು. ದೀಪೋಟಿ ಸಾಹೇಬರು ಸೈಕಲ್ಲು ಹತ್ತಿದ್ದನ್ನು ಯಾರೂ ನೋಡಲಿಲ್ಲ.

ನಿಲ್ಲಿಸಿದವಳು ಕರೆವ್ವ. ಕೂದಲು ಹಿಡಿದಿದ್ದ ಆಳು ಮಾಸ್ತರರನ್ನು ಒದೆಯಲು ಹೋಗಿದ್ದರಿಂದ ಅವಳು ಬಿಡುಗಡೆಯಾಗಿದ್ದಳು. ಗಂಡನ ಕಟ್ಟು ಬಿಚ್ಚಿ, ಮಗಳ ಮಡಿಲಲ್ಲಿ ಅವನ ತಲೆಯಿಟ್ಟು, ಗೌಡರ ಎದುರಿಗೆ ಬಂದು ನಿಂತಳು. ಹಣೆಯ ರಕ್ತ ಗಲ್ಲಕ್ಕೆ ಇಳಿದಿತ್ತು.

"ಗೌಡ್ರ, ಅವನ್ನ ಕೊಂದ್ರ ಎತ್ತ ಎಳ್ಯಾವ್ರ ಯಾರು? ಚೂರಿ ಮುಟ್ಟಿಸಿದಾಂವ ಸಿಕ್ಕಾನಲ್ಲ. ರೀತಿ ಅಂತ ಮುಂಜಾನಿಂದ ಬಡದ್ರಿ. ಈಗ ಆ ರೀತಿ ನಡಸ್ರಿ. ಇಡೀ ಊರ ನೋಡಾಕತ್ತೈತಿ."

ಊರು ನೋಡುತ್ತಿತ್ತು. ಗೌಡರು ಆ ಮುಖಗಳನ್ನು ನೋಡಿದರು. ಲಿಂಗವಂತನ ಕೈಯಲ್ಲಿ ಸತ್ತ ಎತ್ತು ಎಳೆಸಿದರೆ ಜಾತಿಯ ಮಾನ ಹೋಗುತ್ತದೆ, ಎಳೆಸದಿದ್ದರೆ ಊರ ರೀತಿ. ಅವರು ಬಿದ್ದವನ ಮೇಲೆ ಉಗುಳಿದರು.

"ಎಳೀಲಿ. ಹಲ್ಕಟ್ ನನ್ನ ಮಗ, ಅವನ ಎಳೀಲಿ. ಯಾವನಾರ ಕೈ ಹಚ್ಚಿದ್ರ ಅವನ ಕೈ ಕಡಸ್ತೇನಿ," ಎಂದು ಹೇಳಿ, ಮಗನ ರಟ್ಟೆ ಹಿಡಿದು ಎಳೆದುಕೊಂಡು ವಾಡೆಗೆ ಹೋದರು.

ಮಧ್ಯಾಹ್ನದ ಬಿಸಿಲಿಗೆ ಮಾಸ್ತರರು ಎದ್ದು ಕೂತರು. ಎತ್ತಿನ ಹಿಂಗಾಲಿಗೆ ಒಂದೇ ಕೈಯಿಂದ ಹಗ್ಗ ಕಟ್ಟಿದರು. ಗಂಟು ಎರಡು ಸಲ ಬಿಚ್ಚಿತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಳೆದರು. ಎತ್ತು ಅಲುಗಲಿಲ್ಲ. ಮತ್ತೆ ಎಳೆದು ಮುಗ್ಗರಿಸಿದರು. ಕೇರಿಯ ಕಡೆಗೆ ನೋಡಿದರು. ಅಲ್ಲಿ ಗಂಡಸರು ಸಾಲಾಗಿ ನಿಂತಿದ್ದರು, ದನ ಎಳೆದು ಹುರಿಗೊಂಡ ಹೆಗಲುಗಳು, ಒಂದೂ ಮುಂದೆ ಬರಲಿಲ್ಲ. ಮಗಳ ಮಡಿಲಲ್ಲಿದ್ದ ಮಾಯಪ್ಪ ಮಾಸ್ತರರನ್ನೇ ನೋಡುತ್ತಿದ್ದ. ಮಾತಾಡಲು ದವಡೆಯಿರಲಿಲ್ಲ, ಇಲ್ಲ ಎಂದು ಕಣ್ಣು ಮುಚ್ಚಿ ತೆರೆದ.

ಕರೆವ್ವ ಒಂದು ಗಡಿಗೆ ತಂದು ಮಾಸ್ತರರ ಮುಂದೆ ಇಟ್ಟಳು. "ನೀರ ಕುಡೀರಿ. ನೀರ ಕೊಡತೇನಿ. ಕೈ ಹಚ್ಚೂದಿಲ್ಲ."

ಮಾಸ್ತರರು ಕುಡಿದರು. ಅರ್ಧ ನೀರು ಒಡೆದ ತುಟಿಯಿಂದ ಎದೆಗೆ ಇಳಿಯಿತು.

ಆ ಹೊತ್ತಿಗೆ ಕಾಶೆವ್ವ ಬಂದಳು. ಅವಳಿಗೆ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದರು. ಯಾವುದನ್ನೂ ನಂಬದೆ ಬಂದಿದ್ದಳು. ಕಣದ ಅಂಚಿನಲ್ಲಿ ನಿಂತು ಗಂಡನನ್ನು, ಜೋತಾಡುವ ಕೈಯನ್ನು, ಎತ್ತನ್ನು ನೋಡಿದಳು. ಅವಳ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಿತ್ತು.

"ಬೆಲ್ಲಾ ಮಾರ್ಕೋತ ಕುಂಡ್ರು ಅಂತ ನಿಮ್ಮಪ್ಪ ಬಡಕೊಂಡ," ಎಂದಳು. "ಗಾದಿ ಮ್ಯಾಲ ಕುಂತಿದ್ರ ಇವತ್ತ ಈ ಹೊತ್ತಿಗೆ ಉಂಡ ಮಲಗತಿದ್ರಿ."

"ನೀ ಮನೀಗೆ ಹೋಗ, ಕಾಶೆವ್ವಾ."

"ಯಾವ ಮನೀಗ್ರಿ? ಬಾಗಲ ಮುಂದ ಮಂದಿ ಮುಳ್ಳ ಹಾಕಾಕತ್ತಾರ. ನಾಳಿ ಊರ ಬಿಡಬೇಕು. ಬಿಡಾಕ ಇದ ಮುಗೀಬೇಕಲ್ಲ." ಸೆರಗನ್ನು ಸೊಂಟಕ್ಕೆ ಬಿಗಿದಳು. "ಇಡೀ ಎತ್ತ ಎಳ್ಯಾಕ ನೀವೇನ ಕ್ವಾಣ? ಕೊಯ್ಯಾಕ ಬರ್ತೈತಲ್ಲ, ಕೊಯ್ರಿ. ತುಂಡ ಮಾಡಿ ಬುಟ್ಟ್ಯಾಗ ಹಾಕ್ರಿ."

ಅವಳು ಗೌಡರ ದನದ ಕೊಟ್ಟಿಗೆಯಿಂದ ಸಗಣಿ ಬುಟ್ಟಿ ತಂದಳು. ಬೇಡ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಎತ್ತಿನ ಮುಂಗಾಲಿನ ಕೀಲಿಗೆ ಚೂರಿ ಹಾಕಿದರು. ಕಾಶೆವ್ವ ಕಾಲನ್ನು ತಿರುಚಿ ಹಿಡಿದಳು. ಅವಳ ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ. ಮಾವನನ್ನು ಬೈದಳು, ದೀಪೋಟಿಯನ್ನು ಬೈದಳು, ಗೌಡರ ಏಳು ತಲೆಮಾರನ್ನು ಬೈದಳು, ಚೂರಿಗೆ ಮಸೆ ಸಾಲದು ಎಂದು ಗಂಡನನ್ನು ಬೈದಳು. ಕೀಲು ಟಕ್ಕೆಂದು ಬಿಟ್ಟಿತು. ಮೊದಲ ಬುಟ್ಟಿಯನ್ನು ಅವಳು ತಲೆಯ ಮೇಲೆ ಹೊತ್ತಾಗ ಕೆಂಪು ನೀರು ವಿಭೂತಿಯ ಮೇಲೆ ಇಳಿದು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಎರಡೂ ಕೈ ಬುಟ್ಟಿಯ ಮೇಲಿದ್ದವು. ಹಾಗೇ ಹಳ್ಳದ ದಾರಿ ಹಿಡಿದಳು. ಮಾಸ್ತರರು ಕರುಳಿನ ಗಂಟನ್ನು ಗೋಣಿತಟ್ಟಿನ ಮೇಲೆ ಹಾಕಿ, ಒಂದೇ ಕೈಯಿಂದ ಎಳೆಯುತ್ತ ಅವಳ ಹಿಂದೆ ನಡೆದರು. ನಾಯಿಗಳು ಅವರ ಹಿಂದೆ ನಡೆದವು.

ದೀಪ ಹಚ್ಚುವ ಹೊತ್ತಿಗೆ ಕಣ ಖಾಲಿಯಾಗಿತ್ತು. ಕೇರಿಯವರು ಯಾರೂ ಎತ್ತಿಗೆ ಕೈ ಹಚ್ಚಲಿಲ್ಲ.